ನೀಲಕ್ಕನ ಶುಗರ್ ಮಷೀನು

ಕ್ಯಾನ್ಸರ್ ಕೋಶಕ್ಕೆ ಬುದ್ಧಿ ಇದೆ ಎಂದು ನಾನು ಯಾವತ್ತೂ ಹೇಳಿದವಳಲ್ಲ. ನಮ್ಮ ಮನೆಯವರಿಗೆ ಇದೆ ಎಂದೂ ಇನ್ನು ಮುಂದೆ ಹೇಳುವುದಿಲ್ಲ.

ಕೋಶದ ಕತೆ ಸುಲಭ, ಅದನ್ನು ಮೊದಲು ಹೇಳಿ ಮುಗಿಸುತ್ತೇನೆ. ದೇಹದಲ್ಲಿ ಎಲ್ಲೋ ಒಂದು ಕಡೆ ಗಡ್ಡೆ ಹುಟ್ಟುತ್ತದೆ. ಹುಟ್ಟಿದಲ್ಲೇ ಬಿದ್ದುಕೊಂಡಿದ್ದರೆ ಕೊಯ್ದು ತೆಗೆದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅದರ ಕೋಶಗಳಿಗೆ ಕಾಲು ನಿಲ್ಲುವುದಿಲ್ಲ. ರಕ್ತದೊಳಗೆ ಇಳಿದು ಬೇರೆ ಊರು ಹುಡುಕಿಕೊಂಡು ಹೊರಡುತ್ತವೆ. ಒಂಟಿಯಾಗಿ ಹೊರಟದ್ದು ರಕ್ತದ ಹೊಡೆತಕ್ಕೆ ಸಿಕ್ಕು ಬಹುಮಟ್ಟಿಗೆ ಸತ್ತೇ ಹೋಗುತ್ತದೆ. ಗುಂಪು ಕಟ್ಟಿಕೊಂಡು ಹೊರಟದ್ದು ಬದುಕಿ ಉಳಿದು, ಲಿವರಿನಲ್ಲೋ ಎಲುಬಿನಲ್ಲೋ ಸಂಸಾರ ಹೂಡುತ್ತದೆ. ಗಡ್ಡೆಯನ್ನು ಕೊಯ್ದ ಮೇಲೂ ಹಿಂದೆ ಉಳಿದ ಚೂರುಪಾರುಗಳಿಂದ ಈ ಗುಂಪುಗಳು ಹೊರಡುತ್ತಲೇ ಇರುತ್ತವೆ. ಅದೂ ಹೆಚ್ಚಾಗಿ ಮನುಷ್ಯ ನಿದ್ದೆ ಮಾಡುವಾಗ. ಮನೆಯವರೆಲ್ಲ ಮಲಗಿದ ಮೇಲೆ ಗೋಡೆ ಹಾರುವ ಹುಡುಗರ ಹಾಗೆ.

ದಾರಿಯಲ್ಲೇ ಈ ಗುಂಪನ್ನು ಹಿಡಿದು ಚದುರಿಸಿಬಿಟ್ಟರೆ? ಈ ಒಂದು ಪ್ರಶ್ನೆಯಿಂದ ಹುಬ್ಬಳ್ಳಿ-ಧಾರವಾಡ ರಸ್ತೆಯ ಮೇಲಿನ, ನಾನು ಡಾಕ್ಟರಾಗಿ ಕೆಲಸ ಮಾಡುವ ಪ್ರಯೋಗಾಲಯ ಹುಟ್ಟಿತು. ಹತ್ತಾರು ಜನರ ಕೂದಲು ಬೆಳ್ಳಗಾದ ಮೇಲೆ ತೋಳಿಗೆ ಕಟ್ಟುವ ಒಂದು ಪಟ್ಟಿ ತಯಾರಾಯಿತು. ಅದು ಚರ್ಮದ ಮೇಲಿನಿಂದಲೇ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಸದ್ದನ್ನು ರಕ್ತನಾಳದೊಳಕ್ಕೆ ಕಳಿಸುತ್ತದೆ. ಹರಿಯುವ ಕೋಶಗಳಿಂದ ಮಾರ್ದನಿ ಬರುತ್ತದೆ. ಸ್ತನದಿಂದ ಬಂದ ಕೋಶದ ಮಾರ್ದನಿ ಒಂದು ಥರ, ಶ್ವಾಸಕೋಶದಿಂದ ಬಂದದ್ದರದು ಇನ್ನೊಂದು ಥರ. ಗುಂಪು ಕಂಡ ತಕ್ಷಣ ಪಟ್ಟಿ ಗುಂಯ್ ಎಂದು ಅದುರಿ, ಸದ್ದಿನ ಒಂದು ಪೆಟ್ಟು ಕೊಟ್ಟು ಗುಂಪನ್ನು ಒಡೆದುಹಾಕುತ್ತದೆ. ಒಂಟಿಯಾದ ಕೋಶಗಳ ಗತಿ ಆಗಲೇ ಹೇಳಿದೆನಲ್ಲ. ರೋಗಿ ಮಾಡಬೇಕಾದದ್ದು ಇಷ್ಟೇ: ಪಟ್ಟಿ ಕಟ್ಟಿಕೊಳ್ಳುವುದು, ಮಲಗುವುದು.

ಇಷ್ಟು ಸುಲಭದ್ದನ್ನು ಕೆಡಿಸಲು ನಮ್ಮ ಮನೆಯವರೇ ಬೇಕು.

ನನ್ನ ಅಕ್ಕ ನೀಲಗಂಗಾ ಹುಬ್ಬಳ್ಳಿಯ ಹಳೆ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಾಳೆ. ಊರಿಗೆಲ್ಲ ಅವಳು ನೀಲಕ್ಕ. ಅವಳ ಕೈಯ ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ ಉಂಡವರು ಗದಗಿನಿಂದಲೂ ಹುಡುಕಿಕೊಂಡು ಬರುತ್ತಾರೆ. ಅವಳ ಗಂಡ ಮಡಿವಾಳಪ್ಪ ಮಾಮಾ ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುತ್ತಾರೆ. ಅವರಿಗೆ ಬಹಳ ವರ್ಷಗಳಿಂದ ಶುಗರ್ ಇದೆ. ಬೀಡಿಯೂ ಇತ್ತು, ಅದನ್ನು ಬಿಟ್ಟಿದ್ದಾರೆ. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಈ ಜಗತ್ತಿಗೆ ಆದಷ್ಟು ಹಾನಿ ಕೆಟ್ಟವರಿಂದ ಆಗಿಲ್ಲ ಎನ್ನುವುದು ನನ್ನ ಅನುಭವ.

ಯುಗಾದಿಯ ಹೊತ್ತಿಗೆ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತು. ಕ್ಯಾನ್ಸರ್ ಎಂದು ಡಾಕ್ಟರು ಮಾಮಾನನ್ನು ಹೊರಗೆ ಕರೆದು ಹೇಳಿದರು. ನಮ್ಮಲ್ಲಿ ಇದೊಂದು ಪದ್ಧತಿ. ರೋಗ ಯಾರಿಗೋ, ಸುದ್ದಿ ಯಾರಿಗೋ. ಬೀಗರಿಗೆ ಹೇಳುತ್ತಾರೆ, ಎದುರು ಮನೆಯವರಿಗೆ ಹೇಳುತ್ತಾರೆ, ದೂರದ ಊರಿನ ಕಾಕಾನಿಗೆ ಫೋನು ಮಾಡಿ ಹೇಳುತ್ತಾರೆ. ಯಾರ ಮೈಯಲ್ಲಿ ಇದೆಯೋ ಅವರೊಬ್ಬರಿಗೆ ಮಾತ್ರ ಹೇಳುವುದಿಲ್ಲ. ಮಾಮಾ ಕೂಡ ಹಾಗೇ ಮಾಡಿದರು. ಗಂಟು ಕೊಬ್ಬಿನದು ಎಂದರು. ತೆಗೆದ ಮೇಲೆ ಕೊಟ್ಟ ಗುಳಿಗೆ ಶಕ್ತಿಗೆ ಎಂದರು. ತೋಳಿಗೆ ಕಟ್ಟಿದ ಪಟ್ಟಿ ಏನು ಎಂದು ಅಕ್ಕ ಕೇಳಿದಾಗ, ಸತ್ಯದ ತಲೆ ಮೇಲೆ ಹೊಡೆದ ಹಾಗೆ, "ಶುಗರ್ ಮಷೀನು. ಶುಗರ್ ಏರಿದಾಗ ಗುಂಯ್ ಅಂತೈತಿ" ಎಂದುಬಿಟ್ಟರು.

ಹಿಂದಿನ ಕಾಲದಲ್ಲಾದರೆ ಔಷಧಿಗೆ ಕೂದಲು ಉದುರುತ್ತಿತ್ತು, ಕೂದಲಿನ ಜೊತೆಗೇ ಸುಳ್ಳೂ ಉದುರುತ್ತಿತ್ತು. ಈಗ ಕೂದಲು ಉದುರುವುದಿಲ್ಲ, ವಾಂತಿ ಇಲ್ಲ, ಆಪರೇಷನ್ ಮಾಡಿಸಿಕೊಂಡು ಸಂಜೆಗೆ ಮನೆಗೆ ಬರಬಹುದು. ನಮ್ಮ ವಿಜ್ಞಾನ ಇಷ್ಟೆಲ್ಲ ಮುಂದುವರಿದು ಸುಳ್ಳುಗಾರರಿಗೆ ರಾಜಬೀದಿ ಮಾಡಿಕೊಟ್ಟಿದೆ.

ಸ್ವಂತ ಬಳಗದವರನ್ನು ಪ್ರಯೋಗಕ್ಕೆ ಸೇರಿಸುವ ಕೆಲಸದಲ್ಲಿ ನಾನು ಇರುವಂತಿಲ್ಲ ಎಂಬುದು ನಿಯಮ. ಹಾಗಾಗಿ ಅಕ್ಕನಿಗೆ ಪಟ್ಟಿ ಕಟ್ಟಿದ ದಿನ ನಾನು ಅಲ್ಲಿರಲಿಲ್ಲ. ಆಸ್ಪತ್ರೆಯವರು ವಿವರಿಸಲು ಬಂದಾಗ ಮಾಮಾ "ನಾ ಎಲ್ಲಾ ಹೇಳೀನ್ರಿ" ಎಂದು ಅವರ ಕೆಲಸ ಹಗುರ ಮಾಡಿದರು. ಆಮೇಲೆ ನನಗೆ ತಿಳಿದು ಜಗಳ ತೆಗೆದೆ. "ಹೇಳಿದ್ರ ಎದಿ ಒಡದು ಸಾಯ್ತಾಳ. ಅಕ್ಕನ್ನ ಕೊಲ್ಲಬೇಕಂತೀಯೇನು?" ಎಂದು ಅವರು ನನ್ನ ಕೈ ಹಿಡಿದು, ಕೊರಳಿನ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡರು. ಅಷ್ಟು ದೊಡ್ಡ ಮನುಷ್ಯ ಕಣ್ಣಲ್ಲಿ ನೀರು ತಂದುಕೊಂಡಾಗ ಏನು ಮಾಡುವುದು? ಪಟ್ಟಿಯಂತೂ ತೋಳಿನ ಮೇಲಿದೆ, ಅದರ ಕೆಲಸ ಅದು ಮಾಡುತ್ತದೆ, ಹೆಸರು ಶುಗರ್ ಆದರೇನು ಮತ್ತೊಂದಾದರೇನು ಎಂದು ಸುಮ್ಮನಾದೆ.

ದಸರೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ನಮ್ಮ ನಿರ್ದೇಶಕರಾದ ಡಾಕ್ಟರ್ ಇನಾಮದಾರ್ ನನ್ನನ್ನು ಪರದೆಗಳ ಕೋಣೆಗೆ ಕರೆಸಿಕೊಂಡರು. ಆ ಕೋಣೆಯಲ್ಲಿ ಎಲ್ಲ ರೋಗಿಗಳ ಪಟ್ಟಿಗಳಿಂದ ಬಂದ ದಾಖಲೆ ಗೋಡೆಯ ತುಂಬ ಗೆರೆಗಳಾಗಿ ಓಡುತ್ತಿರುತ್ತದೆ. ಸಾಹೇಬರ ಮುಖ ಲಗ್ನದ ಮನೆಯಾಗಿತ್ತು.

"ಶಿವಲೀಲಾ, ಕೂಡ್ರಿ. ಇದನ್ನ ನೋಡ್ರಿ. ಮೊದಲ ತಿಂಗಳು ಈ ರೋಗಿಗೆ ರಾತ್ರಿ ಸ್ತನದ ಕೋಶದ ಗುಂಪು ಬಂದಾವ. ಆಮೇಲೆ ಒಂದೂ ಇಲ್ಲ. ಅದರ ಬದಲಿಗೆ ಯಾವು ಬಂದಾವ ಹೇಳ್ರಿ?"

"ನೀವೇ ಹೇಳ್ರಿ ಸರ್."

"ಶ್ವಾಸಕೋಶದ್ದು! ಹಗಲೆಲ್ಲ ಸುಮ್ಮನ, ರಾತ್ರಿ ಆದ ಕೂಡಲೇ ಶ್ವಾಸಕೋಶದ್ದು. ನಮ್ಮ ಪಟ್ಟಿಗೆ ಸಿಗಬಾರದಂತ ಕೋಶ ವೇಷ ಬದಲು ಮಾಡೇದ. ಜಗತ್ತಿನಾಗ ಯಾರೂ ಇದನ್ನ ನೋಡಿಲ್ಲ."

ನಾನು ರೋಗಿಯ ಸಂಖ್ಯೆ ನೋಡಿದೆ. ಅಕ್ಕ ರೊಟ್ಟಿ ಬಡಿಯುವಾಗ ಅವಳ ತೋಳಿನ ಪಟ್ಟಿಯ ಮೇಲೆ ಎಷ್ಟೋ ಸಲ ಕಂಡ ಸಂಖ್ಯೆ ಅದು. ಕೋಶ ವೇಷ ಹಾಕಲು ಕಲಿತಿದೆ ಎಂದಾದರೆ ಇವತ್ತಲ್ಲ ನಾಳೆ ಪಟ್ಟಿಯ ಕಣ್ಣು ತಪ್ಪಿಸುತ್ತದೆ, ಅಕ್ಕನಿಗೆ ನಾವು ಕೊಟ್ಟ ಒಂದೇ ಒಂದು ಕಾವಲು ಸುಳ್ಳಾಯಿತು.

"ಸರ್, ಪಟ್ಟಿ ಕೆಟ್ಟಿರಬಹುದು," ಎಂದೆ.

"ಪರೀಕ್ಷೆ ಮಾಡೀನಿ. ಠೀಕ್ ಅದ."

"ಹಂಗಾದ್ರ ರೋಗಿ ಹಗಲೊಂದು ಥರ, ರಾತ್ರಿ ಒಂದು ಥರ ಯಾಕಿರ್ತಾಳ?"

"ಅದೇ ಅಲ್ರೀ ಶೋಧ! ಅದಕ್ಕ ನಾನು ಒಂದು ಹೆಸರೂ ಇಟ್ಟೀನಿ." ತಮ್ಮದೇ ಹೆಸರನ್ನು ಇಟ್ಟಿದ್ದರು. ಬರುವ ತಿಂಗಳಿನ ಸಮ್ಮೇಳನದಲ್ಲಿ ಓದಲು ಪ್ರಬಂಧವೂ ಅರ್ಧ ಆಗಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಹಳ್ಳಿಯಲ್ಲಷ್ಟೇ ಇರುವುದಿಲ್ಲ.

ಸಂಖ್ಯೆ ನನ್ನ ಅಕ್ಕನದು ಎಂದು ಅವರಿಗೆ ಹೇಳಿದೆ. ಅವರು "ಹಂಗಿದ್ರ ನೀವು ಇದನ್ನ ಮುಟ್ಟಬಾರದು" ಎಂದರು. ಮುಟ್ಟುತ್ತೇನೆ ಎಂದೆ. ನನ್ನ ದನಿ ಏರಿತ್ತು. ಪಟ್ಟಿ ಕಳಿಸುವ ದಾಖಲೆಯಲ್ಲಿ ಕೋಶಗಳ ಮಾರ್ದನಿಯ ಜೊತೆಗೆ ಮೈಯ ಬೇರೆ ಸದ್ದುಗಳೂ ಇರುತ್ತವೆ. ಎದೆ ಬಡಿತ, ಹೊಟ್ಟೆಯ ಗುಡುಗುಡು, ಹೊರಗಿನ ಗದ್ದಲ. ನಮ್ಮ ಕಂಪ್ಯೂಟರು ಅದನ್ನೆಲ್ಲ ಕಸ ಎಂದು ಜರಡಿ ಹಿಡಿದು ಬಿಸಾಡಿ, ಬೇಕಾದದ್ದನ್ನು ಮಾತ್ರ ಗೆರೆಯಾಗಿ ತೋರಿಸುತ್ತದೆ. ವೇಷವೋ ಗೀಷವೋ, ಕಸವನ್ನೂ ಒಮ್ಮೆ ಕೇಳಿಬಿಡೋಣ ಎಂದು ಜರಡಿ ತೆಗೆದು, ಒಂದು ರಾತ್ರಿಯ ದಾಖಲೆಯನ್ನು ಸ್ಪೀಕರಿಗೆ ಹಾಕಿದೆ.

ಮೊದಲು ಎದೆ ಬಡಿತ ಕೇಳಿಸಿತು. ಆಮೇಲೆ ದೂರದಲ್ಲಿ ಲಾರಿ ಏರು ಹತ್ತಿದ ಹಾಗೆ ಒಂದು ಸದ್ದು ಶುರುವಾಯಿತು. ಏರಿತು, ಏರಿತು, ನಡುವೆ ಗಕ್ಕೆಂದು ನಿಂತಿತು, ಇನ್ನೇನು ಸತ್ತೇ ಹೋಯಿತು ಎನ್ನುವಷ್ಟರಲ್ಲಿ ಕುಕ್ಕರಿನ ಸೀಟಿಯ ಹಾಗೆ ಸುಯ್ಯೆಂದು ಕೊನೆಗೊಂಡಿತು. ಮತ್ತೆ ಮೊದಲಿನಿಂದ ಏರತೊಡಗಿತು.

ಆ ಗೊರಕೆ ನನಗೆ ಗೊತ್ತಿತ್ತು. ನನ್ನ ಮದುವೆಯ ಹಿಂದಿನ ದಿನ ಕಲ್ಯಾಣಮಂಟಪದಲ್ಲಿ ಎರಡೂ ಕಡೆಯ ಬೀಗರು ಆ ಗೊರಕೆಯಿಂದ ಕಣ್ಣು ಮುಚ್ಚಿರಲಿಲ್ಲ. ನನ್ನ ಮದುವೆಯ ಫೋಟೋಗಳಲ್ಲಿ ಎಲ್ಲರ ಕಣ್ಣೂ ಕೆಂಪಗಿವೆ.

"ರೋಗಿಗೆ ಗೊರಕಿ ಅದ ಅಂತ ಕಾಣಸ್ತದ," ಎಂದರು ಇನಾಮದಾರ್.

"ನಮ್ಮಕ್ಕ ಗೊರಕಿ ಹೊಡಿಯೂದಿಲ್ಲ ಸರ್. ಇದು ನಮ್ಮ ಮಾಮಾನ ಗೊರಕಿ. ಪಟ್ಟಿ ರಾತ್ರಿ ಅವರ ತೋಳಿನ್ಯಾಗೈತಿ."

ಒಂದೊಂದೇ ಅರ್ಥ ಬಿಚ್ಚಿಕೊಳ್ಳತೊಡಗಿತು. ಕೋಶ ಯಾವ ವೇಷವನ್ನೂ ಹಾಕಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರು ಇದ್ದದ್ದು ಮಾಮಾನಿಗೆ, ಯಾರಿಗೂ ಗೊತ್ತಿರಲಿಲ್ಲ. ಅವರ ಗುಂಪುಗಳನ್ನು ನಮ್ಮ ಪಟ್ಟಿ ರಾತ್ರಿ ರಾತ್ರಿ ಒಡೆಯುತ್ತ ಬಂದಿತ್ತು. ಅದೇ ರಾತ್ರಿಗಳಲ್ಲಿ, ಪಕ್ಕದ ಹಾಸಿಗೆಯಲ್ಲಿ, ಬರಿ ತೋಳಿನಲ್ಲಿ ಅಕ್ಕ ಮಲಗಿದ್ದಳು. ಅವಳ ಗುಂಪುಗಳನ್ನು ಒಡೆಯುವವರು ಯಾರೂ ಇರಲಿಲ್ಲ. ನನಗೆ ಸಿಟ್ಟು ಬಂತು.

ಇನಾಮದಾರ್ ತಮ್ಮ ಅರ್ಧ ಬರೆದ ಪ್ರಬಂಧದ ಕಡೆ ಒಮ್ಮೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಎದ್ದು, ಕಪಾಟು ತೆಗೆದು, ಒಂದು ಹೊಸ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಮೊದಲ ಇದನ್ನ ಕಟ್ಟಿ ಬರ್ರಿ. ನಿಯಮ ಗಿಯಮ ನಾಳೆ ನೋಡೋಣು," ಎಂದರು. ಆವತ್ತಿನಿಂದ ಅವರ ಬಗ್ಗೆ ನಾನು ಸ್ವಲ್ಪ ಕಡಿಮೆ ಆಡಿಕೊಳ್ಳುತ್ತೇನೆ.

ನಾನು ಖಾನಾವಳಿ ಮುಟ್ಟುವ ಹೊತ್ತಿಗೆ ಊಟದ ಗದ್ದಲ ಮುಗಿದಿತ್ತು. ಮಾಮಾ ಗಲ್ಲೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನನ್ನ ಮುಖ ನೋಡಿದ್ದೇ ಕತ್ತರಿ ನಿಂತಿತು.

"ಏನವಾ, ಈ ಹೊತ್ತಿನ್ಯಾಗ?"

"ಅಕ್ಕನ ಕೂಡ ಮಾತಾಡೂದೈತ್ರಿ."

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನೋಡು, ಏನರ ಬಾಯಿ ಬಿಟ್ಟಿ ಅಂದ್ರ..."

"ಶುಗರ್ ಬಗ್ಗೆ ಮಾತಾಡೂದೈತ್ರಿ," ಎಂದು ಹಲ್ಲು ಕಚ್ಚಿ ಒಳಗೆ ಹೋದೆ.

ಒಳಗೆ ಅಕ್ಕ ಒಬ್ಬಳೇ ಇದ್ದಳು. ಸಂಜೆಯ ರೊಟ್ಟಿಗೆ ಕೂತಿದ್ದಳು. ಅವಳ ಅಂಗೈ ಕೆಳಗೆ ಹಿಟ್ಟಿನ ಉಂಡೆ ತಪತಪ ಎಂದು ತಿರುಗುತ್ತ ದೊಡ್ಡದಾಗುತ್ತಿತ್ತು. ತೋಳಿನ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಹಿಟ್ಟಿನ ಧೂಳು.

"ಬಂದೇನು? ಕುಂದರು. ಬಿಸಿ ರೊಟ್ಟಿ ತಿನ್ನು."

"ಅಕ್ಕ, ರಾತ್ರಿ ಈ ಪಟ್ಟಿ ಎಲ್ಲಿರ್ತೈತಿ?"

"ಎಲ್ಲಿರ್ತೈತಿ ಅಂದ್ರ? ತೋಳಿನ್ಯಾಗ."

"ಯಾರ ತೋಳಿನ್ಯಾಗ?"

ತಪತಪ ನಿಂತಿತು. ಅಕ್ಕ ಬಾಗಿಲ ಕಡೆ ಒಮ್ಮೆ ನೋಡಿ, ಕಳ್ಳತನ ಸಿಕ್ಕಿಬಿದ್ದರೂ ಹೆಮ್ಮೆ ಬಿಡದವರ ನಗೆ ನಕ್ಕಳು.

"ನಿಮ್ಮ ಮಾಮಾಗ ಹೇಳಬ್ಯಾಡ ಮತ್ತ. ಅವರಿಗೆ ನನಗಿಂತ ಶುಗರ್ ಜಾಸ್ತಿ ಐತಿ. ಒಂದು ದಿನ ನೀವ ಕಟ್ಟಿಕೋರಿ ಅಂದೆ, ಹಾವು ಕಂಡವರಂಗ ಮಾಡಿದ್ರು. ಅದಕ್ಕ ಅವರು ಮಲಗಿದ ಮ್ಯಾಲೆ ಕಟ್ತೀನಿ. ನಸುಕಿನ್ಯಾಗ ನಾ ಏಳೂ ಮುಂದ ಬಿಚ್ಚಿಕೊಂತೀನಿ. ನನ್ನ ತೋಳಿನ್ಯಾಗಿದ್ರ ಗುಂಯ್ ಅಂದು ನಿದ್ದಿ ಕೆಡಸ್ತಿತ್ತು. ಅವರಿಗೆ ಸಿಡ್ಲ ಬಡದ್ರೂ ಎಚ್ಚರಿಲ್ಲ. ಒಂದೊಂದು ರಾತ್ರಿ ಭಾಳ ಗುಂಯ್ ಅಂತೈತಿ ನೋಡು. ಮರುದಿನ ಅವರ ಚಹಾಕ ನಾ ಸಕ್ಕರೀನ ಹಾಕೂದಿಲ್ಲ."

ಬರುವಾಗ ಬಸ್ಸಿನಲ್ಲಿ ಮೆತ್ತಗಿನ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಈ ಚಹಾ ಸಕ್ಕರೆಯ ಮಾತು ಕೇಳಿ ಎಲ್ಲ ಹಾರಿಹೋಯಿತು.

"ಅಕ್ಕ, ಇದು ಶುಗರ್ ಮಷೀನ್ ಅಲ್ಲ. ನಿನಗ ಶುಗರ್ ಇಲ್ಲ. ಅವತ್ತು ತಗದದ್ದು ಕೊಬ್ಬಿನ ಗಂಟಲ್ಲ. ಕ್ಯಾನ್ಸರ್."

ಹಂಚಿನ ಮೇಲೆ ಒಂದು ರೊಟ್ಟಿ ಇತ್ತು. ಅಕ್ಕ ಅದನ್ನು ತಿರುವಿ ಹಾಕಿದಳು, ಉಬ್ಬಿತೋ ಇಲ್ಲವೋ ನೋಡಿದಳು, ತೆಗೆದು ಬುಟ್ಟಿಗೆ ಹಾಕಿದಳು. ಆಮೇಲೆ ಒಲೆ ಆರಿಸಿದಳು. ಸಂಜೆಯ ಹೊತ್ತಿಗೆ ಆ ಒಲೆ ಆರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಗಂಟು ತಗಸಿದಾಗನ ನನಗ ಸಂಶೆ ಬಂದಿತ್ತು ಲೀಲಾ. ಇವರು ಶುಗರ್ ಅಂದ್ರು, ನಂಬಲಿಲ್ಲ. ಆಮ್ಯಾಲೆ ನಿನ್ನ ಮಾರಿ ನೋಡಿದೆ. ನೀ ಸುಮ್ಮನ ಕುಂತು ರೊಟ್ಟಿ ತಿಂದಿ. ತಂಗಿ ಡಾಕ್ಟರ್ ಇದ್ದಾಳ, ಅಕಿ ಸುಮ್ಮನದಾಳ ಅಂದ್ರ ಖರೇನ ಶುಗರ್ ಇರಬೇಕು ಅಂದ್ಕೊಂಡೆ."

ಹೇಳಬೇಕಾದದ್ದು ಇನ್ನೂ ಇತ್ತು. ಪಟ್ಟಿ ಏನು ಮಾಡುತ್ತದೆ ಎಂದು ಹೇಳಿದೆ. ರಾತ್ರಿ ಗುಂಯ್ ಎಂದದ್ದು ಏನನ್ನು ಕಂಡು ಎಂದೂ ಹೇಳಿದೆ.

"ಅಂದ್ರ ಅವರಿಗೂ?" ಎಂದಳು.

"ಅವರಿಗೂ. ಎದಿಯೊಳಗ."

"ಗುಂಯ್ ಅಂದಾಗೆಲ್ಲ ಅವರದನ್ನ ಒಡೀತಿತ್ತೇನು?"

"ಹೂಂ."

ಅಕ್ಕ ಬಹಳ ಹೊತ್ತು ತನ್ನ ಅಂಗೈಯ ಹಿಟ್ಟನ್ನು ಉಜ್ಜಿಕೊಂಡಳು. "ಹಂಗಾದ್ರ ನಾ ಕಟ್ಟಿದ್ದು ಚಲೋನ ಆತು," ಎಂದಳು.

"ಚಲೋ ಆತಂತ! ನಿನ್ನ ಗತಿ ಏನು? ಅಷ್ಟೂ ರಾತ್ರಿ ನಿನ್ನವು ಎಲ್ಲಿ ಹೋಗಿ ಕುಂತಾವೋ ಯಾರಿಗೆ ಗೊತ್ತು?"

ಅವಳು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡಳು. ದನಿ ತಗ್ಗಿಸಿದಳು. ಅತ್ತಿತ್ತ ನೋಡಿದಳು. ಅವಳ ಗಂಡ ಹೊರಗೆ ಗಲ್ಲೆಯ ಮೇಲೆ ಹೇಗೆ ನೋಡಿದ್ದರೋ ಥೇಟ್ ಹಾಗೇ.

"ಲೀಲಾ, ಅವರಿಗೆ ಮಾತ್ರ ಹೇಳಬ್ಯಾಡ. ಭಾಳ ಪುಕ್ಕಲ ಅದಾರ. ಎದಿ ಒಡದ ಸಾಯ್ತಾರ. ಶುಗರ್ ಜಾಸ್ತಿ ಆಗೇತಿ, ದವಾಖಾನಿಗೆ ಹೋಗೂಣು ಅಂತ ಹೇಳು. ಆಣಿ ಮಾಡು."

ನಾನು ತಲೆ ತಲೆ ಚಚ್ಚಿಕೊಂಡೆ. ಮಾತಿಗೆ ಹೇಳುತ್ತಿಲ್ಲ. ನಿಜವಾಗಿ, ಎರಡೂ ಕೈಯಿಂದ, ಅಡುಗೆ ಮನೆಯಲ್ಲಿ ನಿಂತು ಚಚ್ಚಿಕೊಂಡೆ.

"ಸಾಕು! ಅಕಿಗೆ ಹೇಳಬ್ಯಾಡ ಅಂತ ಅವರು, ಅವರಿಗೆ ಹೇಳಬ್ಯಾಡ ಅಂತ ನೀನು. ಯಾರ ಎದೀನೂ ಒಡಿಯೂದಿಲ್ಲ. ಎದಿ ಒಡದು ಸತ್ತವರನ್ನ ನಾ ಒಬ್ಬರನ್ನೂ ನೋಡಿಲ್ಲ, ಗೊತ್ತಿಲ್ಲದ ಸತ್ತವರನ್ನ ಭಾಳ ನೋಡೀನಿ. ಅವರ ಒಂದು ಸುಳ್ಳಿಗೆ ನಿನ್ನ ರಾತ್ರಿ ಅಷ್ಟೂ ಹಾಳಾದ್ವು. ನಿನ್ನ ಸುಳ್ಳಿಗೆ ಅವರ ರಾತ್ರಿ ಹಾಳಾಗಬೇಕೇನು? ಶುಗರ್ ಅಂತ ತಿಳಕೊಂಡು ಆ ಮನಶ್ಯಾ ಪಟ್ಟಿನ ಇನ್ಯಾರಿಗೆ ಕಟ್ಟಿ ಬರ್ತಾರೋ ಏನೋ. ಎದುರಿನ ಪಾನ್ ಅಂಗಡಿಯವಗ ಶುಗರ್ ಐತಲ್ಲ, ಅವಗ ಕಟ್ಟಿ ಬರ್ತಾರ!"

ಅಕ್ಕ ಸೆರಗಿನಿಂದ ಕೈ ಒರೆಸಿಕೊಂಡು, ಗಿರಾಕಿಗಳ ಗದ್ದಲದ ಮೇಲೂ ಕೇಳುವ ತನ್ನ ದನಿಯಲ್ಲಿ ಕರೆದಳು. "ಏನ್ರೀ, ಇಲ್ಲಿ ಬರ್ರಿ."

ಮಾಮಾ ಅಡಿಕೆ ಅಗಿಯುತ್ತ ಬಾಗಿಲಲ್ಲಿ ಬಂದು ನಿಂತರು. ಆರಿದ ಒಲೆ ನೋಡಿ ಅಗಿಯುವುದು ನಿಂತಿತು.

"ಕುಂದರ್ರಿ," ಎಂದಳು ಅಕ್ಕ. "ನನಗ ಕ್ಯಾನ್ಸರ್ ಐತಂತ. ನಿಮಗೂ ಐತಂತ."

ಮಾಮಾ ನನ್ನ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು. "ಹೇಳೇ ಬಿಟ್ಟೇನು? ಲಿಂಗ ಮುಟ್ಟಿ ಆಣಿ ಮಾಡಿದ್ದಿ! ಅಕಿ ಮನಸಿಗೆ ಏನಾಗಬ್ಯಾಡ? ಇಷ್ಟು ದಿನ ನಾ ಹೆಂಗ ಮುಚ್ಚಿಟ್ಟೀನಿ ನನಗ ಗೊತ್ತು, ಆ ಶಿವಗ ಗೊತ್ತು. ಒಂದು ದಿನ ಅಕಿ ಮುಂದ ಕಣ್ಣೀರು ಹಾಕಿಲ್ಲ ನಾನು. ಡಾಕ್ಟರ್ ಆಗಿ ಒಂದು ಮಾತು ಹೊಟ್ಟ್ಯಾಗ ಇಟ್ಟುಕೊಳ್ಳಾಕ ಬರೂದಿಲ್ಲೇನು ನಿನಗ?"

"ಮಾಮಾ, ಅಕ್ಕ ಎರಡು ಮಾತು ಹೇಳಿದ್ಲು. ಎರಡನೇದು ಕೇಳಿಸ್ತೇನ್ರಿ?"

"ಎರಡನೇದು ಏನು?"

"ನಿಮಗೂ ಐತಂತ," ಎಂದಳು ಅಕ್ಕ ಮತ್ತೊಮ್ಮೆ. ಈ ಸಲ ದನಿ ಮೆತ್ತಗಿತ್ತು.

ಅವರು ಮೆಲ್ಲಗೆ ಹಿಟ್ಟಿನ ಡಬ್ಬಿಯ ಮೇಲೆ ಕೂತರು. ಎಲ್ಲವನ್ನೂ ಇನ್ನೊಮ್ಮೆ ಹೇಳಿದೆ. ಗೊರಕೆಯ ವಿಷಯ, ಮಲಗಿದ ಮೇಲೆ ಕಟ್ಟಿದ್ದು, ನಸುಕಿನಲ್ಲಿ ಬಿಚ್ಚಿದ್ದು. ತಮ್ಮ ಎದೆಯ ಗಡ್ಡೆಯ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಗೆ, "ಅಂದ್ರ ರಾತ್ರಿ ಅಕಿ ತೋಳಿನ್ಯಾಗ ಇರಲೇ ಇಲ್ಲೇನು?" ಎಂದರು. "ಶುಗರ್ ಮಷೀನು ಅಂದವನ ನಾನು. ಬ್ಯಾರೆ ಏನರ ಹೆಸರು ಹೇಳಿದ್ರ ನನಗ ಕಟ್ಟತಿರಲಿಲ್ಲ ಅಕಿ."

ಅದು ನಿಜ. ಅವರಿಗೆ ಇಲ್ಲದ ಯಾವುದಾದರೂ ರೋಗದ ಹೆಸರು ಹೇಳಿದ್ದರೆ ಪಟ್ಟಿ ಅಕ್ಕನ ತೋಳಿನಲ್ಲೇ ಉಳಿಯುತ್ತಿತ್ತು. ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟು ಸಿಟ್ಟು ಆಗ ಉಳಿದಿರಲಿಲ್ಲ.

ಅಷ್ಟರಲ್ಲಿ ಅಕ್ಕ ತೋಳಿನ ಪಟ್ಟಿ ಬಿಚ್ಚಿ ಅವರ ತೋಳಿಗೆ ಹಚ್ಚಲು ಹೋದಳು. ಅವರು ಕೈ ಹಿಂದೆ ಎಳೆದುಕೊಂಡರು.

"ಬ್ಯಾಡ. ನಿನಗ ಕಟ್ಟಿಕೋ. ನಿನಗ ಕೊಟ್ಟದ್ದದು."

"ನಿಮಗ ರಾತ್ರಿ ಭಾಳ ಗುಂಯ್ ಅಂತೈತ್ರಿ. ನಾ ಕೇಳೀನಿ. ನೀವ ಕಟ್ಟಿಕೋರಿ."

"ನೀ ಬಿಟ್ಟದ್ದು ಸಾಕು. ಹಟ ಮಾಡಬ್ಯಾಡ."

"ಹಟ ಯಾರದು? ನಿಮ್ಮದೋ ನನ್ನದೋ?"

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಹೀಗೆ ಜಗ್ಗಾಡಿದ್ದನ್ನು ನಾನು ಕಂಡಿರಲಿಲ್ಲ. ಲಕ್ಷಾಂತರ ಕೋಶಗಳನ್ನು ಲೆಕ್ಕ ಹಾಕುವ ಯಂತ್ರ ಅವರಿಬ್ಬರ ಕೈಯಲ್ಲಿ ಹಬ್ಬದ ದಿನದ ಕೊನೆಯ ಹೋಳಿಗೆಯಾಗಿತ್ತು. ಹರಿದೇ ಹೋಗುತ್ತದೆ ಎನ್ನುವಷ್ಟರಲ್ಲಿ ನಾನು ಚೀಲಕ್ಕೆ ಕೈ ಹಾಕಿ ಎರಡನೆಯ ಪಟ್ಟಿಯನ್ನು ತೆಗೆದು ಹಿಟ್ಟಿನ ಪರಾತದಲ್ಲಿ ಎಸೆದೆ. "ಎರಡು ಅದಾವ! ಒಬ್ಬೊಬ್ಬರಿಗೆ ಒಂದೊಂದು. ಇನ್ನ ಯಾರರ ಬಾಯಿ ತಗದ್ರ ನಾ ಇಲ್ಲೇ ಎದಿ ಒಡಕೊಂಡು ಸಾಯ್ತೀನಿ."

ಇಬ್ಬರೂ ತೋಳು ಚಾಚಿದರು. ಕಟ್ಟಿದೆ. ಕಟ್ಟಿ ಮುಗಿದ ಮೇಲೆ ಅಕ್ಕ ಯೋಚನೆ ಮಾಡಿ ಕೇಳಿದಳು, "ಹಂಗಾದ್ರ ಅವರ ಶುಗರ್ ಹೆಂಗ ಗೊತ್ತಾಗೂದು?" ನಾನು ಒಲೆ ಹೊತ್ತಿಸಿದೆ.

ಇಬ್ಬರನ್ನೂ ಸ್ಕ್ಯಾನ್ ಮಾಡಿಸಿದೆವು. ಫಲಿತಾಂಶ ಹೇಳುವ ದಿನ ಡಾಕ್ಟರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆ: ಯಾರನ್ನೂ ಹೊರಗೆ ಕರೆಯಬಾರದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಬೇಕು. ಅವರು ಹಾಗೇ ಮಾಡಿದರು. ಮಾಮಾನ ಗಡ್ಡೆ ಶ್ವಾಸಕೋಶದ ಒಂದು ಮೂಲೆಯಲ್ಲಿತ್ತು, ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಕೊಯ್ದು ತೆಗೆಯಬಹುದು. ಅಷ್ಟು ದಿನದಿಂದ ಇದ್ದದ್ದು ಇಷ್ಟು ನೆಟ್ಟಗೆ ಕೂತಿರುವುದು ಅಪರೂಪ ಎಂದರು. ಅಕ್ಕನ ಲಿವರಿನಲ್ಲಿ ಒಂದು ಚುಕ್ಕೆ ಕಂಡಿತ್ತು. ಜೋಳದ ಕಾಳಿನಷ್ಟು. ಔಷಧಿ ಇದೆ, ಒಗ್ಗಿದರೆ ಕರಗುತ್ತದೆ, ಒಗ್ಗುತ್ತದೆಂದು ಈಗಲೇ ಮಾತು ಕೊಡಲಾಗುವುದಿಲ್ಲ ಎಂದರು.

ಅಕ್ಕ ಎಲ್ಲವನ್ನೂ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಅವರದು ಎಲ್ಲೂ ಹೋಗಿಲ್ಲಲ್ರೀ?"

"ಇಲ್ಲಮ್ಮ."

ರೊಟ್ಟಿ ಚೆನ್ನಾಗಿ ಉಬ್ಬಿದಾಗ ತಲೆ ಆಡಿಸುತ್ತಾಳಲ್ಲ, ಹಾಗೆ ಆಡಿಸಿದಳು. ನನಗೆ ಅವಳನ್ನು ಹಿಡಿದು ಅಲ್ಲಾಡಿಸಬೇಕು ಎನಿಸಿತು. ಅವಳ ಕಾಲಿಗೆ ಬೀಳಬೇಕು ಎಂದೂ ಎನಿಸಿತು.

ಹೊರಗೆ ಬಂದೆವು. ಅಕ್ಕ ಚಪ್ಪಲಿ ಹುಡುಕುತ್ತಿದ್ದಳು. ಮಾಮಾ ನನ್ನ ಕೈ ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದರು. ಕಣ್ಣು ತುಂಬಿದ್ದವು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

"ಲಿವರಿನ ವಿಷಯ ಅಕಿಗೆ ಹೇಳಬ್ಯಾಡವಾ."

ಅವಳು ಅವರ ಬಗಲಲ್ಲೇ ಕೂತು ಕೇಳಿದ್ದಳು. ಡಾಕ್ಟರು ಅವಳ ಮುಖ ನೋಡಿಯೇ ಹೇಳಿದ್ದರು.

"ಹೇಳಿ ಆತ್ರಿ," ಎಂದಳು ಅಕ್ಕ ಅವರ ಹಿಂದಿನಿಂದ. ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಬಂದು ನಿಂತಿದ್ದಳು. "ಎಲ್ಲಾ ಕೇಳೀನಿ ನಾನು. ನಡೀರಿ ಇನ್ನ, ಗಿರಾಕಿ ಬಂದು ಕುಂತಿರ್ತಾರ."

ಮಾಮಾ ಕಂಬಕ್ಕೆ ಒರಗಿ ಅತ್ತುಬಿಟ್ಟರು. ಯುಗಾದಿಯಿಂದ ತಡೆಹಿಡಿದದ್ದನ್ನೆಲ್ಲ ಅವಳೆದುರಿಗೇ ಅತ್ತರು. ಅಕ್ಕ ಸೆರಗಿನಿಂದ ಅವರ ಮುಖ ಒರೆಸಿದಳು. ಆಮೇಲೆ ಅವರ ಅಂಗಿಯ ತೋಳು ಮೇಲೆ ಸರಿಸಿ, ಪಟ್ಟಿ ಬಿಗಿಯಾಗಿದೆಯೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದಳು, ಒಂದು ಸುತ್ತು ಬಿಗಿ ಮಾಡಿದಳು.

ತನ್ನದನ್ನು ನೋಡಿಕೊಳ್ಳಲಿಲ್ಲ. ಅದು ಸಡಿಲಾಗಿ ಮೊಣಕೈಗೆ ಜಾರಿತ್ತು. ಬೈದುಕೊಳ್ಳುತ್ತಲೇ ಹತ್ತಿರ ಹೋಗಿ ನಾನು ಬಿಗಿ ಮಾಡಿದೆ.